ವೇಗ ಮತ್ತು ವಿವೇಕ

ಮನುಷ್ಯನು ದಿನನಿತ್ಯ ಬಳಸುವ ಮಾತುಗಳಲ್ಲಿ ‘ವೇಗ’ ಎಂಬುದೂ ಒಂದು. ಬಸ್ಸು ವೇಗವಾಗಿ ಬಂದಿತು, ರೈಲು ನಿಧಾನವಾಗಿ ಹೊರಟಿತು, ಎತ್ತಿನ ಗಾಡಿಗಿಂತ ಬೈಸಿಕಲ್ಲು ಬೇಗ ಎಂದು ಮುಂತಾಗಿ ಆಡುವಾಗ ವೇಗವೆಂಬುದು ಆಯಾ ವಾಹನದ ಸ್ವಂತ ಸೊತ್ತೆಂಬಂತೆ ತೋರುತ್ತದೆ. ಹಸುವಿಗೆ ಬಣ್ಣವಿರುವಂತೆ, ಬೆಲ್ಲಕ್ಕೆ ಸಿಹಿಯಿರುವಂತೆ ಬಸ್ಸಿಗೆ ವೇಗವಿದೆ ಎಂಬುದು ಜನಸಾಮಾನ್ಯರ ಭಾವನೆ. ಚಾಲಕನ ಕಣ್ಣೆದುರಿನ ವೇಗಮಾಪಕವು ಯಾವಾಗಲೂ ಒಂದೇ ಒಂದು ಅಂಕಿಯನ್ನು ತೋರಿಸುವುದರಿಂದ ಈ ಭಾವನೆ ಇನ್ನಷ್ಟು ಬಲಗೊಳ್ಳುತ್ತದೆ. ಆದರೆ ಭೌತವಿಜ್ಞಾನವು ಇದನ್ನು ಒಪ್ಪುವುದಿಲ್ಲ. ಅದರ ದೃಷ್ಟಿಯಲ್ಲಿ ವೇಗವು ಎರಡು ವಸ್ತುಗಳ ನಡುವಣ ಒಂದು ಸಂಬಂಧ. ‘ಎಷ್ಟು ವೇಗ?’ ಎಂದು ಕೇಳಿದವನು ‘ಯಾವುದಕ್ಕೆ ಹೋಲಿಸಿ?’ ಎಂಬುದನ್ನೂ ಹೇಳದಿದ್ದರೆ ಅವನ ಪ್ರಶ್ನೆ ಅಪೂರ್ಣವಾಗಿಯೇ ಉಳಿಯುತ್ತದೆ.

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾದೀತು. ಎರಡೂ ದಿಕ್ಕಿನ ವಾಹನಗಳು ಒಂದೇ ರಸ್ತೆಯಲ್ಲಿ ಸಂಚರಿಸುವ ಹೆದ್ದಾರಿಯೊಂದರಲ್ಲಿ ಒಂದು ಬಸ್ಸು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದು ಇಟ್ಟುಕೊಳ್ಳಬಹುದು. ರಸ್ತೆಯ ಪಕ್ಕದ ಹುಣಸೆಮರಕ್ಕೆ ಹೋಲಿಸಿದರೆ ಅದರ ವೇಗ ಸೆಕೆಂಡಿಗೆ 20 ಮೀಟರ್. ಅದರ ಮುಂದೆ ಒಂದು ಲಾರಿ ಅದೇ ದಿಕ್ಕಿನಲ್ಲಿ ಗಂಟೆಗೆ 54 ಕಿಲೋಮೀಟರಿನಂತೆ, ಅಂದರೆ ಸೆಕೆಂಡಿಗೆ 15 ಮೀಟರಿನಂತೆ ಸಾಗುತ್ತಿದೆ. ಆ ಲಾರಿಗೆ ಹೋಲಿಸಿದರೆ ಬಸ್ಸಿನ ವೇಗ ಸೆಕೆಂಡಿಗೆ ಕೇವಲ 5 ಮೀಟರ್. ಎದುರಿನಿಂದ ಒಂದು ಕಾರು ಗಂಟೆಗೆ 90 ಕಿಲೋಮೀಟರಿನಂತೆ, ಅಂದರೆ ಸೆಕೆಂಡಿಗೆ 25 ಮೀಟರಿನಂತೆ ಬರುತ್ತಿದೆ. ಆ ಕಾರಿಗೆ ಹೋಲಿಸಿದರೆ ಅದೇ ಬಸ್ಸಿನ ವೇಗ ಸೆಕೆಂಡಿಗೆ 45 ಮೀಟರ್. ಗಂಟೆಯ ಲೆಕ್ಕದಲ್ಲಿ 162 ಕಿಲೋಮೀಟರ್! ಬಸ್ಸಿನೊಳಗೆ ಕುಳಿತು ತೂಕಡಿಸುತ್ತಿರುವ ಪ್ರಯಾಣಿಕನಿಗೆ ಹೋಲಿಸಿದರೆ ಅದರ ವೇಗ ಸೊನ್ನೆ. ಒಂದೇ ಬಸ್ಸಿಗೆ ಒಂದೇ ಕ್ಷಣದಲ್ಲಿ ನಾಲ್ಕು ವೇಗಗಳು. ನಾಲ್ಕೂ ನಿಜ. ವೇಗಮಾಪಕವು ಹೇಳುವುದು ಅವುಗಳಲ್ಲಿ ಒಂದನ್ನು, ಅಂದರೆ ನೆಲಕ್ಕೂ ಮರಕ್ಕೂ ಹೋಲಿಸಿದ ವೇಗವನ್ನು ಮಾತ್ರ. ಹೀಗೆ ಒಂದು ವಸ್ತುವಿಗೆ ಇನ್ನೊಂದನ್ನು ಆಧಾರವಾಗಿಟ್ಟುಕೊಂಡು ಅಳೆದ ವೇಗಕ್ಕೆ ಸಾಪೇಕ್ಷ ವೇಗವೆಂದು ಹೆಸರು.

ಈ ವಿಷಯವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಹೊಸದೇನೂ ಅಲ್ಲ. ‘ವಾಹನಗಳು ಎದುರುಬದುರಾಗಿ ಚಲಿಸಿದರೆ ವೇಗಗಳನ್ನು ಕೂಡಿಸು, ಒಂದೇ ದಿಕ್ಕಿನಲ್ಲಿ ಚಲಿಸಿದರೆ ಕಳೆ’ ಎಂಬ ಸೂತ್ರವನ್ನು ಅವರು ಬಾಯಿಪಾಠ ಮಾಡಿರುತ್ತಾರೆ. ಇಂತಿಷ್ಟು ಉದ್ದದ ಎರಡು ರೈಲುಗಳು ಒಂದನ್ನೊಂದು ದಾಟಲು ಎಷ್ಟು ಸೆಕೆಂಡು ಬೇಕು ಎಂಬ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿ ಪೂರ್ಣಾಂಕ ಪಡೆಯುವವರೂ ಬಹಳ ಮಂದಿ ಇದ್ದಾರೆ. ಆದರೆ ಆ ಲೆಕ್ಕದಲ್ಲಿ ಬರುವ ರೈಲುಗಳು ಕಾಗದದ ಮೇಲೆ ಓಡಿ ಕಾಗದದ ಮೇಲೆಯೇ ನಿಂತುಬಿಡುತ್ತವೆ. ಕೂಡಿಸುವುದು ಏತಕ್ಕೆ, ಕಳೆಯುವುದು ಏತಕ್ಕೆ ಎಂದು ಪ್ರಶ್ನಿಸಿದರೆ ಹಲವರು ಸೂತ್ರವನ್ನೇ ಮತ್ತೊಮ್ಮೆ ಹೇಳುತ್ತಾರೆ. ಕಾರಣವಾದರೋ ಬಹು ಸರಳ. ಇಬ್ಬರು ಎದುರುಬದುರಾಗಿ ನಡೆದು ಬರುವಾಗ ಅವರ ನಡುವಣ ಅಂತರವನ್ನು ಇಬ್ಬರೂ ಸೇರಿ ಕಡಿಮೆ ಮಾಡುತ್ತಾರೆ, ಆದುದರಿಂದ ಕೂಡಿಸಬೇಕು. ಒಬ್ಬನು ಇನ್ನೊಬ್ಬನನ್ನು ಹಿಂದಿನಿಂದ ಅಟ್ಟಿ ಹೋಗುವಾಗ ಹಿಂದಿನವನು ಅಂತರವನ್ನು ಕಡಿಮೆ ಮಾಡುತ್ತಿದ್ದರೆ ಮುಂದಿನವನು ಅದನ್ನು ಹೆಚ್ಚಿಸುತ್ತಿರುತ್ತಾನೆ, ಆದುದರಿಂದ ಕಳೆಯಬೇಕು. ದಿಕ್ಕಿಗೆ ಇಷ್ಟು ಮಹತ್ತ್ವವಿರುವ ಕಾರಣದಿಂದಲೇ ಭೌತವಿಜ್ಞಾನವು ದಿಕ್ಕನ್ನು ಲೆಕ್ಕಿಸದ ‘ಜವ’ವನ್ನೂ ದಿಕ್ಕನ್ನು ಲೆಕ್ಕಿಸುವ ‘ವೇಗ’ವನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಇಷ್ಟನ್ನು ಅರಿತವನಿಗೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳದು.

ಈ ಅರಿವು ಪಶ್ಚಿಮ ದೇಶಗಳಿಂದ ಮೋಟಾರು ವಾಹನಗಳೊಡನೆ ಬಂದಿಳಿದ ಸರಕಲ್ಲ. ಕ್ರಿ.ಶ. 499ರ ಕಾಲಕ್ಕೆ ಸೇರಿದ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಚಲಿಸುವ ಎರಡು ಕಾಯಗಳು ಸಂಧಿಸುವ ಕಾಲವನ್ನು ಕಂಡುಹಿಡಿಯುವ ವಿಧಾನವನ್ನು ಆರ್ಯಭಟನು ಹೇಳಿದ್ದಾನೆ. ಅವು ವಿಲೋಮವಾಗಿ, ಎಂದರೆ ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತಿದ್ದರೆ ನಡುವಣ ಅಂತರವನ್ನು ಗತಿಗಳ ಮೊತ್ತದಿಂದಲೂ, ಅನುಲೋಮವಾಗಿ, ಎಂದರೆ ಒಂದೇ ದಿಕ್ಕಿನಲ್ಲಿ ಚಲಿಸುತ್ತಿದ್ದರೆ ಗತಿಗಳ ವ್ಯತ್ಯಾಸದಿಂದಲೂ ಭಾಗಿಸಬೇಕು ಎಂಬುದು ಆ ವಿಧಾನ. ಇಂದಿನ ವಿದ್ಯಾರ್ಥಿ ರೈಲುಗಳ ಲೆಕ್ಕಕ್ಕೆ ಬಳಸುವುದು ಇದನ್ನೇ. ಆರ್ಯಭಟನಿಗೆ ಇದು ಬೇಕಾದುದು ಆಕಾಶದಲ್ಲಿ ಗ್ರಹಗಳು ಸಂಧಿಸುವ ಹೊತ್ತನ್ನು ಅರಿಯುವುದಕ್ಕಾಗಿ. ಅದೇ ಗ್ರಂಥದ ಗೋಲಪಾದದಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾನೆ. ದೋಣಿಯಲ್ಲಿ ಮುಂದಕ್ಕೆ ಸಾಗುವವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವ ಹಾಗೆಯೇ ಅಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಚಲಿಸುವಂತೆ ಕಾಣುತ್ತವೆ ಎಂಬುದು ಅವನ ದೃಷ್ಟಾಂತ. ಇಟಲಿಯ ಗೆಲಿಲಿಯೋ 1632ರಲ್ಲಿ ಪ್ರಕಟಿಸಿದ ತನ್ನ ಸಂವಾದರೂಪದ ಗ್ರಂಥದಲ್ಲಿ ಹಡಗಿನ ದೃಷ್ಟಾಂತವನ್ನು ಕೊಟ್ಟನು. ಅಲುಗಾಟವಿಲ್ಲದೆ ಸಮವೇಗದಿಂದ ಸಾಗುವ ಹಡಗಿನ ಮುಚ್ಚಿದ ಕೋಣೆಯಲ್ಲಿ ಹಾರುವ ಚಿಟ್ಟೆಗಳನ್ನೂ ತೊಟ್ಟಿಕ್ಕುವ ನೀರನ್ನೂ ಎಷ್ಟು ನೋಡಿದರೂ ಹಡಗು ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದು ಎಂದು ಅವನು ತೋರಿಸಿಕೊಟ್ಟನು. ‘ಯಾವುದಕ್ಕೆ ಹೋಲಿಸಿ?’ ಎಂಬ ಪುಟ್ಟ ಪ್ರಶ್ನೆಯೇ ಭೂಮಿಯ ಚಲನೆಯನ್ನು ಅರಿಯಲು ಮನುಷ್ಯನಿಗೆ ದಾರಿ ತೋರಿಸಿತು.

ಪೂರ್ವಿಕರು ಗ್ರಹಗಳಿಗಾಗಿ ಹಾಕಿದ ಲೆಕ್ಕವು ಇಂದು ರಸ್ತೆಯ ಮೇಲೆ ಸಾವು ಬದುಕಿನ ಲೆಕ್ಕವಾಗಿದೆ. ಮೇಲೆ ಹೇಳಿದ ಬಸ್ಸು ತನ್ನ ಮುಂದಿರುವ ಲಾರಿಯನ್ನು ಹಿಂದಿಕ್ಕಬೇಕಾಗಿದೆ ಎಂದು ಭಾವಿಸಬಹುದು. ಚಾಲಕರ ಬಾಯಲ್ಲಿ ಇದಕ್ಕೆ ‘ಓವರ್‌ಟೇಕ್’ ಎಂದು ಹೆಸರು. ಬಸ್ಸು ಲಾರಿಯ ಹಿಂದೆ 20 ಮೀಟರ್ ದೂರದಲ್ಲಿ ಬಲಕ್ಕೆ ಸರಿಯುತ್ತದೆ. ಲಾರಿಯ ಉದ್ದ 10 ಮೀಟರ್, ಬಸ್ಸಿನ ಉದ್ದ 10 ಮೀಟರ್. ಲಾರಿಯನ್ನು ದಾಟಿ 20 ಮೀಟರ್ ಮುಂದಾದ ಮೇಲೆ ಬಸ್ಸು ಮತ್ತೆ ಎಡಕ್ಕೆ ಬರುತ್ತದೆ. ಅಂದರೆ ಲಾರಿಗೆ ಹೋಲಿಸಿದಂತೆ ಬಸ್ಸು ಒಟ್ಟು 60 ಮೀಟರ್ ದೂರವನ್ನು ಗಳಿಸಿಕೊಳ್ಳಬೇಕು. ಅದರ ಸಾಪೇಕ್ಷ ವೇಗ ಸೆಕೆಂಡಿಗೆ 5 ಮೀಟರ್ ಆದುದರಿಂದ ಈ ಕೆಲಸಕ್ಕೆ 12 ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತೂ ಬಸ್ಸು ಎದುರು ವಾಹನಗಳಿಗೆ ಸೇರಿದ ಬಲಮಗ್ಗುಲಿನಲ್ಲಿಯೇ ಇರುತ್ತದೆ. ಈ 12 ಸೆಕೆಂಡುಗಳಲ್ಲಿ ಬಸ್ಸು ನೆಲದ ಮೇಲೆ 240 ಮೀಟರ್ ಮುಂದೆ ಹೋದರೆ ಎದುರಿನ ಕಾರು 300 ಮೀಟರ್ ಹತ್ತಿರ ಬಂದಿರುತ್ತದೆ. ಆದುದರಿಂದ ಬಸ್ಸು ಬಲಕ್ಕೆ ಹೊರಳುವ ಕ್ಷಣದಲ್ಲಿ ಆ ಕಾರು ಕನಿಷ್ಠ ಪಕ್ಷ 540 ಮೀಟರ್ ದೂರದಲ್ಲಿರಲೇಬೇಕು. ಅರ್ಧ ಕಿಲೋಮೀಟರಿಗೂ ಮಿಗಿಲಾದ ಈ ದೂರವು ಕೂದಲೆಳೆಯ ಅಂತರದಲ್ಲಿ ಪಾರಾಗುವುದಕ್ಕೆ ಮಾತ್ರ ಸಾಕು. ನಿಶ್ಚಿಂತೆಯಿಂದ ಪಾರಾಗಬೇಕಾದರೆ ಇನ್ನೂ ಹೆಚ್ಚು ಬೇಕು. ಲಾರಿಯ ಹಿಂದೆ ಅದರದೇ ವೇಗಕ್ಕೆ ಇಳಿದಿದ್ದ ಬಸ್ಸು ಮತ್ತೆ ವೇಗ ಕೂಡಿಸಿಕೊಳ್ಳುವ ಸಮಯವನ್ನು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ.

ಇಲ್ಲಿ ಚಾಲಕನ ಮುಂದಿರುವ ಲೆಕ್ಕ ಒಂದಲ್ಲ, ಎರಡು. ಪಕ್ಕದ ಲಾರಿಯೊಡನೆ ಕಳೆಯುವ ಲೆಕ್ಕ. ಎದುರಿನ ಕಾರಿನೊಡನೆ ಕೂಡಿಸುವ ಲೆಕ್ಕ. ಕಳೆದಾಗ ಬರುವ ಸಣ್ಣ ಸಂಖ್ಯೆಯು ಎಷ್ಟು ಹೊತ್ತು ಬೇಕೆಂಬುದನ್ನು ಹೇಳುತ್ತದೆ. ಕೂಡಿಸಿದಾಗ ಬರುವ ದೊಡ್ಡ ಸಂಖ್ಯೆಯು ಆ ಹೊತ್ತಿನಲ್ಲಿ ಎಷ್ಟು ರಸ್ತೆ ಕರಗಿಹೋಗುತ್ತದೆ ಎಂಬುದನ್ನು ಹೇಳುತ್ತದೆ. ಆತುರದ ಚಾಲಕನು ಮೊದಲನೆಯದನ್ನು ಕಣ್ಣಾರೆ ಕಾಣುತ್ತಾನೆ. ಏಕೆಂದರೆ ಲಾರಿ ಅವನ ಮಗ್ಗುಲಲ್ಲಿಯೇ ಇದೆ, ಅದು ನಿಧಾನವಾಗಿ ಹಿಂದೆ ಸರಿಯುವುದು ಅವನಿಗೆ ತೋರುತ್ತದೆ. ಎರಡನೆಯದು ಅವನ ಕಣ್ಣಿಗೆ ಬೀಳುವುದು ತೀರ ತಡವಾಗಿ. ಅದಕ್ಕೂ ಕಾರಣವಿದೆ. ನೇರವಾಗಿ ಎದುರಿನಿಂದ ಬರುವ ವಾಹನವು ಅತ್ತಿತ್ತ ಸರಿಯುವಂತೆ ಕಾಣುವುದಿಲ್ಲ. ಅದರ ಗಾತ್ರ ಹಿಗ್ಗುವುದೊಂದೇ ಅದು ಬರುತ್ತಿದೆ ಎಂಬುದಕ್ಕೆ ಗುರುತು. ದೂರವು ಅರ್ಧವಾದಾಗ ಗಾತ್ರವು ಕಣ್ಣಿಗೆ ಇಮ್ಮಡಿಯಾಗುತ್ತದೆ. 540 ಮೀಟರ್ ದೂರದ ಕಾರು ಇಮ್ಮಡಿ ಗಾತ್ರದ್ದಾಗಿ ಕಾಣಲು 6 ಸೆಕೆಂಡು ಬೇಕು. ಅಲ್ಲಿಂದ ಮತ್ತೊಮ್ಮೆ ಇಮ್ಮಡಿಯಾಗಲು 3 ಸೆಕೆಂಡು, ಮಗುದೊಮ್ಮೆ ಇಮ್ಮಡಿಯಾಗಲು ಒಂದೂವರೆ ಸೆಕೆಂಡು ಸಾಕು. ಮೊದಲ ಆರು ಸೆಕೆಂಡು ‘ಇನ್ನೂ ದೂರವಿದೆ’ ಎಂದು ತೋರಿದ ಚುಕ್ಕೆಯು ಕೊನೆಯ ಎರಡು ಮೂರು ಸೆಕೆಂಡುಗಳಲ್ಲಿ ರಸ್ತೆಯನ್ನೆಲ್ಲ ತುಂಬಿಕೊಂಡು ಬಂದುಬಿಡುತ್ತದೆ. ಕಣ್ಣನ್ನು ಮಾತ್ರ ನಂಬಿದವನು ಮೋಸಹೋಗುವುದು ಹೀಗೆ.

ಹಿಂದಿಕ್ಕುವವನ ಆತುರದಷ್ಟೇ ಕೆಡುಕನ್ನು ಹಿಂದೆ ಬೀಳುವವನ ಹಟವೂ ಮಾಡಬಲ್ಲುದು. ಬಸ್ಸು ತನ್ನ ಪಕ್ಕಕ್ಕೆ ಬಂದೊಡನೆ ಲಾರಿಯವನಿಗೆ ಅದು ಸೋಲೆಂದು ತೋರಿ ತನ್ನ ವೇಗವನ್ನು 54ರಿಂದ 63 ಕಿಲೋಮೀಟರಿಗೆ ಏರಿಸಿದನೆನ್ನಿ. ಏರಿಸಿದ್ದು ಕೇವಲ 9 ಕಿಲೋಮೀಟರ್. ಆದರೆ ಇಬ್ಬರ ವೇಗಗಳ ವ್ಯತ್ಯಾಸವು ಸೆಕೆಂಡಿಗೆ 5 ಮೀಟರಿನಿಂದ ಎರಡೂವರೆ ಮೀಟರಿಗೆ ಇಳಿಯಿತು. ದಾಟಲು ಬೇಕಾದ ಕಾಲ ಇಮ್ಮಡಿಯಾಗಿ 24 ಸೆಕೆಂಡಾಯಿತು. ಎದುರಿಗೆ ಬೇಕಾದ ಬರಿದಾದ ರಸ್ತೆ 540 ಮೀಟರಿನಿಂದ 1,080 ಮೀಟರಿಗೆ ಬೆಳೆಯಿತು! ಇದಕ್ಕೆ ಬದಲಾಗಿ ಅವನು ತುಸು ಬ್ರೇಕು ಒತ್ತಿ ಗಂಟೆಗೆ 36 ಕಿಲೋಮೀಟರಿಗೆ ಇಳಿದರೆ ಬಸ್ಸು 6 ಸೆಕೆಂಡಿನಲ್ಲಿ ದಾಟಿಹೋಗುತ್ತದೆ. 270 ಮೀಟರ್ ರಸ್ತೆ ಸಾಕಾಗುತ್ತದೆ. ದಾರಿ ಬಿಟ್ಟುಕೊಟ್ಟವನು ಕಳೆದುಕೊಳ್ಳುವುದು ಕೆಲವು ಸೆಕೆಂಡುಗಳನ್ನು. ಅವನು ಉಳಿಸುವುದು ಎರಡು ವಾಹನಗಳಲ್ಲಿರುವವರ ಪ್ರಾಣವನ್ನು. ಬಹುಮಟ್ಟಿಗೆ ತನ್ನ ಪ್ರಾಣವನ್ನೂ. ಹಿರಿಯರು ಸೌಜನ್ಯವೆಂದು ಕರೆದ ಗುಣವು ಇಲ್ಲಿ ಗಣಿತದ ಬೆಂಬಲವನ್ನೂ ಪಡೆದು ನಿಂತಿದೆ.

ಸಾಪೇಕ್ಷ ವೇಗವು ಸೊನ್ನೆಯಾದ ಕಡೆಯಲ್ಲಿಯೂ ಅಪಾಯವಿಲ್ಲದಿಲ್ಲ. ಎರಡು ಕಾರುಗಳು ಒಂದರ ಹಿಂದೊಂದು 10 ಮೀಟರ್ ಅಂತರದಲ್ಲಿ ಗಂಟೆಗೆ 72 ಕಿಲೋಮೀಟರಿನಂತೆ ಹೋಗುತ್ತಿವೆ ಎನ್ನೋಣ. ಹಿಂದಿನ ಕಾರಿನ ಚಾಲಕನಿಗೆ ಮುಂದಿನ ಕಾರು ನಿಂತಂತೆಯೇ ತೋರುತ್ತದೆ. ಅಂತರ ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಆ ನೆಮ್ಮದಿಯಲ್ಲಿ ನೆಲಕ್ಕೆ ಹೋಲಿಸಿದ ತನ್ನ ವೇಗವನ್ನು ಅವನು ಮರೆಯುತ್ತಾನೆ. ಮುಂದಿನವನು ಥಟ್ಟನೆ ಬ್ರೇಕು ಹಾಕಿದನು. ಹಿಂದಿನವನು ಅದನ್ನು ಕಂಡು ಕಾಲನ್ನು ಬ್ರೇಕಿನ ಮೇಲಿಡಲು ಒಂದು ಸೆಕೆಂಡು ಹಿಡಿಯಿತೆಂದರೂ ಅಷ್ಟರಲ್ಲಿ ಅವನ ಕಾರು 20 ಮೀಟರ್ ಓಡಿರುತ್ತದೆ. ಎರಡೂ ಕಾರುಗಳ ಬ್ರೇಕು ಒಂದೇ ಶಕ್ತಿಯದಾದರೂ ಹಿಂದಿನ ಕಾರು 20 ಮೀಟರ್ ಹೆಚ್ಚು ಸಾಗಿಯೇ ನಿಲ್ಲಬೇಕು. ಇದ್ದ ಅಂತರವಾದರೋ ಹತ್ತೇ ಮೀಟರ್. ಡಿಕ್ಕಿ ತಪ್ಪದು.

ಹಾಗೆಂದ ಮಾತ್ರಕ್ಕೆ ಈ ಸೊನ್ನೆಯು ಕೆಟ್ಟದ್ದೆಂದಲ್ಲ. ಅದನ್ನು ಅಳೆದು ಆಳಬಲ್ಲವರಿಗೆ ಅದೇ ದೊಡ್ಡ ಸಾಧನವಾಗುತ್ತದೆ. ಬೆಂಗಳೂರಿನಲ್ಲಿ ಪ್ರಧಾನ ಕಛೇರಿಯನ್ನು ಹೊಂದಿರುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2024ರ ಡಿಸೆಂಬರ್ 30ರಂದು ಉಡಾಯಿಸಿದ ‘ಸ್ಪೇಡೆಕ್ಸ್’ ಯೋಜನೆಯ ಎರಡು ಉಪಗ್ರಹಗಳು 2025ರ ಜನವರಿ 16ರಂದು ಆಕಾಶದಲ್ಲಿ ಒಂದಕ್ಕೊಂದು ಕೂಡಿಕೊಂಡವು. ಭೂಮಿಗೆ ಹೋಲಿಸಿದರೆ ಎರಡೂ ಗಂಟೆಗೆ 27,000 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಧಾವಿಸುತ್ತಿದ್ದವು. ಆದರೆ ಒಂದಕ್ಕೆ ಹೋಲಿಸಿದ ಇನ್ನೊಂದರ ವೇಗವನ್ನು ವಿಜ್ಞಾನಿಗಳು ಇರುವೆಯ ನಡಿಗೆಯಷ್ಟಕ್ಕೆ ಇಳಿಸಿದ್ದರಿಂದ ಅವು ಸ್ವಲ್ಪವೂ ಜಖಂಗೊಳ್ಳದೆ ಕೂಡಿಕೊಂಡವು. ನೆಲಕ್ಕೆ ಹೋಲಿಸಿದ ವೇಗವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅಲ್ಲಿ ಅಂತರವನ್ನೂ ವೇಗವನ್ನೂ ಎಡೆಬಿಡದೆ ಅಳೆಯುವ ಉಪಕರಣಗಳಿದ್ದವು, ಅವಸರವಿರಲಿಲ್ಲ. ರಸ್ತೆಯ ಮೇಲೆ ಉಪಕರಣದ ಸ್ಥಾನದಲ್ಲಿ ಚಾಲಕನ ತಿಳಿವಳಿಕೆಯೊಂದೇ ಇದೆ.

ಹಾಗಾದರೆ ಪ್ರತಿಯೊಬ್ಬ ಚಾಲಕನೂ ಚಕ್ರವನ್ನು ಹಿಡಿದುಕೊಂಡೇ ಮನಸ್ಸಿನಲ್ಲಿ ಕೂಡಿಸಿ ಕಳೆದು ಭಾಗಿಸುತ್ತಿರಬೇಕೆ ಎಂದು ಕೆಲವರು ಕೇಳಬಹುದು. ಶಾಲೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಮಂದಿ ಜೀವಮಾನವಿಡೀ ಅಪಘಾತವಿಲ್ಲದೆ ವಾಹನ ನಡೆಸಿದ್ದಾರೆ; ಅನುಭವವೇ ಗುರು, ಸೂತ್ರದಿಂದೇನು ಪ್ರಯೋಜನ ಎಂದೂ ಅವರು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಹನ್ನೆರಡು ಸೆಕೆಂಡುಗಳ ಒಳಗೆ ಲೆಕ್ಕ ಮಾಡಲು ಯಾರಿಗೂ ಸಾಧ್ಯವಿಲ್ಲ, ಮಾಡತಕ್ಕದ್ದೂ ಅಲ್ಲ. ಆದರೆ ಅನುಭವವೆಂಬ ಗುರುವು ಈ ಒಂದು ಪಾಠಕ್ಕೆ ಕೇಳುವ ದಕ್ಷಿಣೆ ಬಲು ದುಬಾರಿ. ಮೊದಲ ತಪ್ಪೇ ಕೊನೆಯ ತಪ್ಪಾಗಬಹುದಾದ ಎಡೆಯಲ್ಲಿ ತಪ್ಪುಗಳಿಂದ ಕಲಿಯುತ್ತೇನೆಂದು ಹೊರಡುವುದು ವಿವೇಕವಲ್ಲ. ಲೆಕ್ಕವನ್ನು ಶಾಲೆಯಲ್ಲಿ, ಮರದ ಬೆಂಚಿನ ಮೇಲೆ ಕುಳಿತು ಒಮ್ಮೆ ಚೆನ್ನಾಗಿ ಮಾಡಿದವನಿಗೆ ‘ಹಿಂದಿಕ್ಕಲು ಅರ್ಧ ಕಿಲೋಮೀಟರ್ ಬರಿದಾದ ರಸ್ತೆ ಬೇಕು’ ಎಂಬ ಒಂದು ಅಳತೆ ಮನಸ್ಸಿನಲ್ಲಿ ನಿಲ್ಲುತ್ತದೆ. ಸಮಯ ಬಂದಾಗ ಅವನು ಲೆಕ್ಕ ಮಾಡುವುದಿಲ್ಲ, ಕಾಯುತ್ತಾನೆ.

ರಸ್ತೆಯನ್ನು ನಿರ್ಮಿಸುವವರು ಈ ಲೆಕ್ಕವನ್ನು ಮೊದಲೇ ಮಾಡಿರುತ್ತಾರೆ. 1934ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ಸು, ಗಂಟೆಗೆ 80 ಕಿಲೋಮೀಟರ್ ವೇಗಕ್ಕೆಂದು ರೂಪಿಸಿದ ದ್ವಿಪಥ ರಸ್ತೆಯಲ್ಲಿ ಹಿಂದಿಕ್ಕಲು ಚಾಲಕನಿಗೆ 470 ಮೀಟರ್ ದೂರದವರೆಗೆ ಕಣ್ಣೋಟಕ್ಕೆ ಅಡ್ಡಿಯಿರಬಾರದೆಂದು ನಿಗದಿಪಡಿಸಿದೆ. ತಿರುವಿನಲ್ಲಿ, ದಿಣ್ಣೆಯ ನೆತ್ತಿಯಲ್ಲಿ, ಸೇತುವೆಯ ಮೇಲೆ ನಡುಗೆರೆಯನ್ನು ತುಂಡುತುಂಡಾಗಿ ಬಿಡಿಸದೆ ಅಖಂಡವಾಗಿ ಎಳೆಯುವುದು ಅಲ್ಲಿ ಅದನ್ನು ದಾಟಿ ಹಿಂದಿಕ್ಕಕೂಡದೆಂದು ತಿಳಿಸುವುದಕ್ಕಾಗಿ. ಆ ಗೆರೆಯನ್ನು ಸರ್ಕಾರದ ಅಪ್ಪಣೆಯೆಂದಷ್ಟೇ ತಿಳಿದವನು ಪೋಲೀಸರಿಲ್ಲದ ಕಡೆ ಅದನ್ನು ದಾಟಬಹುದು. ಅದು ಇನ್ನೊಬ್ಬರು ತನಗಾಗಿ ಬಿಡಿಸಿಟ್ಟ ಲೆಕ್ಕದ ಉತ್ತರವೆಂದು ಅರಿತವನು ಎಲ್ಲಿಯೂ ದಾಟಲಾರನು. ಹೆದ್ದಾರಿಗಳ ನಡುವೆ ಕಟ್ಟುವ ವಿಭಜಕದ ಅರ್ಥವೂ ಇದೇ. ಎದುರುಬದುರಿನ ವೇಗಗಳು ಕೂಡಿಕೊಳ್ಳುವ ಸಂದರ್ಭವನ್ನೇ ಅದು ಬಹುಮಟ್ಟಿಗೆ ಇಲ್ಲವಾಗಿಸುತ್ತದೆ. ವಿಭಜಕದ ಪಕ್ಕದಲ್ಲಿ ದಾರಿ ಹತ್ತಿರವೆಂದು ವಿರುದ್ಧ ದಿಕ್ಕಿನಲ್ಲಿ ವಾಹನ ನುಗ್ಗಿಸುವವನು ಕಳೆಯುವ ಲೆಕ್ಕವಿರಬೇಕಾದ ಕಡೆಗೆ ಕೂಡಿಸುವ ಲೆಕ್ಕವನ್ನು ಹೊತ್ತು ತರುತ್ತಾನೆ.

2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ಇವರೆಲ್ಲರ ಸಾವಿಗೂ ಒಂದೇ ಕಾರಣವೆಂದು ಹೇಳಲಾಗದು. ಕುಡಿತ, ನಿದ್ದೆ, ಕೆಟ್ಟ ರಸ್ತೆ, ತಲೆಗೆ ಹೆಲ್ಮೆಟ್ಟಿಲ್ಲದಿರುವುದು ಮೊದಲಾದ ಕಾರಣಗಳು ಹಲವಾರು. ಆದರೆ ದಾಟಲಾಗದ ಕಡೆ ದಾಟಹೊರಟು, ನಿಲ್ಲಿಸಲಾಗದಷ್ಟು ಹತ್ತಿರ ಹಿಂಬಾಲಿಸಿ ಮನೆಗೆ ಮರಳದೆ ಹೋದವರು ಅವರಲ್ಲಿ ಕಡಿಮೆಯೇನಿಲ್ಲ. ಅಂಥವರಲ್ಲಿ ಕೂಡಿಸುವ ಕಳೆಯುವ ಸೂತ್ರವನ್ನು ಶಾಲೆಯಲ್ಲಿ ಬರೆದು ಉತ್ತೀರ್ಣರಾದವರೂ ಇರಲೇಬೇಕಷ್ಟೆ. ಕಲಿತ ವಿದ್ಯೆ ಅವರಿಗೆ ರಸ್ತೆಯ ಮೇಲೆ ಒದಗಲಿಲ್ಲವೆಂದರೆ ಆ ದೋಷದಲ್ಲಿ ಕಲಿಸಿದ ಕ್ರಮಕ್ಕೂ ಪಾಲಿದೆ.

ಆದುದರಿಂದ ಸಾಪೇಕ್ಷ ವೇಗದ ಪಾಠವು ಕರಿಹಲಗೆಯ ಮೇಲೆ ಮುಗಿಯಬಾರದು. ಶಾಲೆಯ ಆಟದ ಬಯಲಿನಲ್ಲಿ 50 ಮೀಟರ್ ಅಳೆದು ಇಬ್ಬರು ವಿದ್ಯಾರ್ಥಿಗಳನ್ನು ಎರಡು ತುದಿಗಳಿಂದ ನಡೆಸಿ ಅವರು ಸಂಧಿಸುವ ಹೊತ್ತನ್ನು ಗಡಿಯಾರದಲ್ಲಿ ನೋಡಬಹುದು. ಬಳಿಕ ಒಬ್ಬನನ್ನು ಇನ್ನೊಬ್ಬನ ಹಿಂದೆ ಅಟ್ಟಿಸಿ ಹಿಡಿಯಲು ಹಿಡಿದ ಕಾಲವನ್ನೂ ಅಳೆಯಬಹುದು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ಹಣವೂ ಬೇಕಿಲ್ಲ. ಊರಿನ ಬಳಿಯ ರಸ್ತೆಯಲ್ಲಿ 540 ಮೀಟರ್ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅಧ್ಯಾಪಕರು ಒಮ್ಮೆ ತೋರಿಸಿಕೊಟ್ಟರೆ ಸಾಕು, ಆ ದೂರವನ್ನು ಮಕ್ಕಳು ಮರೆಯಲಾರರು. ಪರೀಕ್ಷೆಯಲ್ಲಿ ಕೂಡ ‘ಎಷ್ಟು ಸೆಕೆಂಡು?’ ಎಂಬ ಪ್ರಶ್ನೆಯ ಜೊತೆಗೆ ‘ಈ ಸಂದರ್ಭದಲ್ಲಿ ಚಾಲಕನು ದಾಟಬಹುದೆ? ಏಕೆ?’ ಎಂಬ ಪ್ರಶ್ನೆಯೂ ಬರಬೇಕು.

ಇಂದು ಹತ್ತನೆಯ ತರಗತಿಯಲ್ಲಿ ಕುಳಿತಿರುವ ಹುಡುಗ ಹುಡುಗಿಯರು ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಚಾಲನಾ ಪರವಾನಗಿ ಪಡೆದು ರಸ್ತೆಗೆ ಇಳಿಯುತ್ತಾರೆ. ವಾಹನದ ವೇಗವನ್ನು ಹೆಚ್ಚಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ತಮ್ಮ ಪಕ್ಕದಲ್ಲಿ ಹೋಗುವವನಿಗೂ ಎದುರಿನಲ್ಲಿ ಬರುವವನಿಗೂ ಹೋಲಿಸಿ ತಮ್ಮ ವೇಗವನ್ನು ಅರಿಯುವುದನ್ನು ಮಾತ್ರ ಕಲಿಸಬೇಕಾಗಿದೆ. ಸಾವಿರದ ಐನೂರು ವರ್ಷಗಳ ಹಿಂದೆ ಗ್ರಹಗಳ ಸಮಾಗಮಕ್ಕಾಗಿ ಕಂಡುಕೊಂಡ ಲೆಕ್ಕವು ಇಂದು ಒಬ್ಬ ಯುವಕನನ್ನು ತಿರುವಿನಲ್ಲಿ ಲಾರಿಯ ಹಿಂದೆ ತಾಳ್ಮೆಯಿಂದ ಕಾಯುವಂತೆ ಮಾಡಬಲ್ಲುದಾದರೆ ಆ ವಿದ್ಯೆ ಸಾರ್ಥಕವಾಯಿತೆಂದೇ ಹೇಳಬೇಕು.